ಕರೆಂಟು ಹೋದ ಮೇಲಿನ ಹತ್ತು ನಿಮಿಷ

ಪ್ರಶ್ನೆ: ವಿರಾಜಪೇಟೆ ಸಮೀಪದ ಕಾಲೇಜೊಂದರ ಕಂಪ್ಯೂಟರ್ ಪ್ರಯೋಗಾಲಯವನ್ನು ನೋಡಿಕೊಳ್ಳುತ್ತಿದ್ದೇನೆ. ಒಂದೇ ಲಿನಕ್ಸ್ ಸರ್ವರ್‌ನಲ್ಲಿ ಕೆವಿಎಂ ತಂತ್ರಾಂಶ ಬಳಸಿ 6 ವರ್ಚುವಲ್ ಮೆಷಿನ್‌ಗಳನ್ನು (ಒಂದೇ ಯಂತ್ರದೊಳಗೆ ತಂತ್ರಾಂಶದಿಂದ ರೂಪಿಸಿದ ಪ್ರತ್ಯೇಕ ಕಂಪ್ಯೂಟರ್‌ಗಳನ್ನು) ನಡೆಸುತ್ತೇವೆ. ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ಮರ ಬಿದ್ದು ಕರೆಂಟು ಹೋದರೆ ಯುಪಿಎಸ್ 10 ನಿಮಿಷ ಮಾತ್ರ ತಡೆಯುತ್ತದೆ. ಅಷ್ಟರೊಳಗೆ ಎಲ್ಲವನ್ನೂ ನಿಲ್ಲಿಸಲೆಂದು ಇಂಥ ಮೆಷಿನ್‌ಗಳನ್ನು ಪ್ರೋಗ್ರಾಂ ಮೂಲಕ ನಿಯಂತ್ರಿಸಲು ನೆರವಾಗುವ ಲಿಬ್‌ವರ್ಟ್ ಎಪಿಐ ಬಳಸಿ ಪೈಥಾನ್‌ನಲ್ಲಿ ಒಂದು ಪ್ರೋಗ್ರಾಂ ಬರೆದಿದ್ದೇನೆ. ಅದು ಪ್ರತಿ ಮೆಷಿನ್‌ಗೂ ಶಟ್‌ಡೌನ್ ಆದೇಶ ಕೊಟ್ಟು, 30 ಸೆಕೆಂಡು ಕಾದು, ಬಳಿಕ ಡೆಸ್ಟ್ರಾಯ್ ಆದೇಶ ಕೊಡುತ್ತದೆ. ಶಟ್‌ಡೌನ್ ಆದೇಶ ಒಮ್ಮೆಯೂ ದೋಷ ತೋರಿಸಿಲ್ಲ. ಆದರೂ ವಿಂಡೋಸ್ ಇರುವ ಎರಡು ಮೆಷಿನ್‌ಗಳು ಮರಳಿ ಎದ್ದಾಗಲೆಲ್ಲ ಹಿಂದಿನ ಸಲ ಸರಿಯಾಗಿ ಮುಚ್ಚಿರಲಿಲ್ಲ ಎಂದು ದೂರುತ್ತವೆ. ವಿದ್ಯಾರ್ಥಿಗಳ ಕೆಲಸವೂ ಎರಡು ಬಾರಿ ಹಾಳಾಗಿದೆ. ತಪ್ಪು ಎಲ್ಲಿದೆ? ಡೆಸ್ಟ್ರಾಯ್ ಎಂದರೆ ಮೆಷಿನ್ ಅಳಿಸಿಹೋಗುವ ಅಪಾಯವಿದೆಯೇ?

ಉತ್ತರ: ಕೊನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಆ ಹೆಸರು ಅನೇಕರನ್ನು ಹೆದರಿಸಿದೆ. ಡೆಸ್ಟ್ರಾಯ್ ಎಂಬುದು ಓಡುತ್ತಿರುವ ಮೆಷಿನ್‌ನ ಪ್ಲಗ್ಗನ್ನು ಗೋಡೆಯಿಂದ ಕಿತ್ತಂತೆ. ಮೆಷಿನ್‌ನ ವಿವರಣೆಯೂ ಅದರ ಡಿಸ್ಕ್ ಕಡತವೂ ಇದ್ದಲ್ಲೇ ಇರುತ್ತವೆ. ವಿವರಣೆಯನ್ನು ತೆಗೆದುಹಾಕುವುದು ಅನ್‌ಡಿಫೈನ್ ಎಂಬ ಬೇರೆಯೇ ಆದೇಶ; ಅದು ಕೂಡ ಡಿಸ್ಕ್ ಕಡತವನ್ನು ತಾನಾಗಿ ಅಳಿಸುವುದಿಲ್ಲ. ಹೆಸರಿಟ್ಟವರು ಇನ್ನಷ್ಟು ಯೋಚಿಸಬಹುದಿತ್ತು ಎಂಬುದು ನನ್ನ ಅಭಿಪ್ರಾಯ, ಆದರೆ ಲಿಬ್‌ವರ್ಟ್ 2005ರಿಂದ ಬಳಕೆಯಲ್ಲಿರುವುದರಿಂದ ಈಗ ಬದಲಿಸಿದರೆ ಅದನ್ನು ನೆಚ್ಚಿಕೊಂಡ ಅಸಂಖ್ಯ ಪ್ರೋಗ್ರಾಂಗಳು ಕೆಟ್ಟುಹೋಗುತ್ತವೆ. ಆದ್ದರಿಂದ ತಮ್ಮ ಮೆಷಿನ್‌ಗಳು ಅಳಿದುಹೋಗಿಲ್ಲ. ಹಾಳಾಗಿರುವುದು, ಪ್ಲಗ್ಗು ಕಿತ್ತ ಆ ಕ್ಷಣದಲ್ಲಿ ಅವುಗಳ ಮೆಮೊರಿಯಲ್ಲಿದ್ದು ಡಿಸ್ಕ್‌ಗೆ ಇನ್ನೂ ತಲುಪದಿದ್ದ ಕೆಲಸ.

ತಪ್ಪು ಇರುವುದು ಶಟ್‌ಡೌನ್ ಆದೇಶವನ್ನು ಅರ್ಥ ಮಾಡಿಕೊಂಡ ರೀತಿಯಲ್ಲಿ. ತೋಟದ ಆಳುಗಳಿರುವ ಲೈನ್‌ಮನೆಗೆ ಹೇಳಿ ಕಳುಹಿಸಿದ ಮಾತ್ರಕ್ಕೆ ಆಳುಗಳು ತೋಟಕ್ಕೆ ಬಂದರು ಎಂದಾಗುವುದಿಲ್ಲ. ಹಾಗೆಯೇ ಈ ಆದೇಶ ದೋಷವಿಲ್ಲದೆ ಮರಳಿತು ಎಂದರೆ ಕೋರಿಕೆ ಹೊರಟಿದೆ ಎಂದಷ್ಟೇ ಅರ್ಥ. ಮೆಷಿನ್ ನಿಂತಿದೆ ಎಂದಲ್ಲ. ಸಾಮಾನ್ಯವಾಗಿ ಈ ಕೋರಿಕೆ ಮೆಷಿನ್‌ನ ಪವರ್ ಬಟನ್ ಒತ್ತಿದ ಸಂಕೇತವಾಗಿ ಒಳಗಿನ ಕಾರ್ಯವ್ಯವಸ್ಥೆಯನ್ನು ತಲುಪುತ್ತದೆ. ಅದನ್ನು ಪಾಲಿಸುವುದೋ, ತಡಮಾಡುವುದೋ, ಕಡೆಗಣಿಸುವುದೋ ಒಳಗಿನವರಿಗೆ ಬಿಟ್ಟದ್ದು. ಯಾರೋ ಉಳಿಸದೆ ಬಿಟ್ಟ ಕಡತ ತೆರೆದಿದ್ದರೆ ಅಥವಾ ವಿಂಡೋಸ್ ಮುಚ್ಚುವ ಮೊದಲು ತನ್ನ ಅಪ್‌ಡೇಟ್ ಮುಗಿಸಲು ಕುಳಿತಿದ್ದರೆ 30 ಸೆಕೆಂಡು ಸಾಲುವುದಿಲ್ಲ, ಮತ್ತು ತಮ್ಮ ಪ್ರೋಗ್ರಾಂ ಅಷ್ಟರಲ್ಲಿ ಪ್ಲಗ್ಗು ಕಿತ್ತಿರುತ್ತದೆ.

ಸೋಜಿಗವೆಂದರೆ ತಮ್ಮಲ್ಲಿ ಸಮಯಕ್ಕೆ ಕೊರತೆಯಿಲ್ಲ; ಅದನ್ನು ಹಂಚಿದ ಕ್ರಮ ಮಾತ್ರ ಸರಿಯಿಲ್ಲ. ಒಂದರ ನಂತರ ಒಂದನ್ನು ನಿಲ್ಲಿಸುವುದರಿಂದ 6 ಮೆಷಿನ್‌ಗಳಿಗೆ 180 ಸೆಕೆಂಡು ಖರ್ಚಾಗುತ್ತದೆ, ಆದರೂ ಪ್ರತಿಯೊಂದಕ್ಕೂ ದೊರೆಯುವುದು 30 ಸೆಕೆಂಡು ಮಾತ್ರ. ಬದಲಿಗೆ ಆರಕ್ಕೂ ಶಟ್‌ಡೌನ್ ಕೋರಿಕೆಯನ್ನು ಒಂದೇ ಉಸಿರಿಗೆ ಕಳುಹಿಸಿ, ಬಳಿಕ ಎಲ್ಲಕ್ಕೂ ಸೇರಿ 5 ನಿಮಿಷದ ಒಂದೇ ಗಡುವು ಇಟ್ಟುಕೊಳ್ಳಿ. ಆ ಅವಧಿಯಲ್ಲಿ ಎರಡು ಸೆಕೆಂಡಿಗೊಮ್ಮೆ ಪ್ರತಿ ಮೆಷಿನ್‌ನ ಈಸ್‌ಆ್ಯಕ್ಟಿವ್ ಆದೇಶದಿಂದ ಅದು ಇನ್ನೂ ಓಡುತ್ತಿದೆಯೇ ಎಂದು ಕೇಳುತ್ತಿರಿ. ನಿಂತವುಗಳನ್ನು ಪಟ್ಟಿಯಿಂದ ತೆಗೆಯುತ್ತ ಬನ್ನಿ. ಗಡುವು ಮುಗಿದ ಮೇಲೂ ಉಳಿದವುಗಳಿಗೆ ಮಾತ್ರ ಡೆಸ್ಟ್ರಾಯ್ ಕೊಡಿ ಮತ್ತು ಅವುಗಳ ಹೆಸರನ್ನು ತಪ್ಪದೆ ದಾಖಲಿಸಿ. ಪ್ರತಿ ಸಲವೂ ಅದೇ ಹೆಸರು ಬರುತ್ತಿದ್ದರೆ ಆ ಮೆಷಿನ್‌ನ ಒಳಗೆ ಹೊರಗಿನ ಸರ್ವರ್‌ನ ಕೋರಿಕೆಗಳನ್ನು ಒಳಗೆ ಕೇಳಿ ನಡೆಸುವ ಕ್ಯೂಎಂಯು ಗೆಸ್ಟ್ ಏಜೆಂಟ್ ಎಂಬ ಪುಟ್ಟ ತಂತ್ರಾಂಶವನ್ನು ಸ್ಥಾಪಿಸಿ, ಶಟ್‌ಡೌನ್ ಕೋರಿಕೆಯನ್ನು ಅದರ ಮೂಲಕ ಕಳುಹಿಸಿ ನೋಡಬಹುದು.

ಹಾಗಾದರೆ ಮುಚ್ಚುವ ಗೋಜೇಕೆ, ಮೆಷಿನ್‌ನ ಮೆಮೊರಿಯನ್ನೇ ಡಿಸ್ಕ್‌ಗೆ ಬರೆದಿಟ್ಟು ಆಮೇಲೆ ಅಲ್ಲಿಂದಲೇ ಮುಂದುವರಿಸುವ ಮ್ಯಾನೇಜ್ಡ್ ಸೇವ್ ಇದೆಯಲ್ಲ ಎಂದು ತಾವು ಕೇಳಬಹುದು. ತೆರೆದ ಕಡತಗಳು ಉಳಿಯುವುದರಿಂದ ವಿದ್ಯಾರ್ಥಿಗಳಿಗೆ ಅದೇ ಹಿತ. ಆದರೆ ಲೆಕ್ಕ ಹಾಕಿಯೇ ನಿರ್ಧರಿಸಿ: ಮೆಮೊರಿ ತಲಾ 4 ಜಿಬಿ ಎಂದುಕೊಂಡರೆ 6 ಮೆಷಿನ್‌ಗಳಿಗೆ 24 ಜಿಬಿ, ಅದನ್ನು ಪೂರ್ತಿಯಾಗಿ ಸೆಕೆಂಡಿಗೆ 120 ಎಂಬಿ ಬರೆಯುವ ಹಾರ್ಡ್ ಡಿಸ್ಕ್‌ಗೆ ಇಳಿಸಲು ಸುಮಾರು ಮೂರೂವರೆ ನಿಮಿಷ ಬೇಕು. ಡಿಸ್ಕ್‌ನಲ್ಲಿ ಅಷ್ಟು ಜಾಗವೂ ಖಾಲಿಯಿರಬೇಕು. ಎದ್ದ ಮೆಷಿನ್‌ನ ಗಡಿಯಾರ ಹಿಂದುಳಿದಿರಬಹುದು, ಜಾಲದ ಸಂಪರ್ಕಗಳು ಕಡಿದಿರುತ್ತವೆ. ವಿದ್ಯಾರ್ಥಿಗಳ ಮೆಷಿನ್‌ಗಳಿಗೆ ಇದನ್ನು ಬಳಸಿ, ಡೇಟಾಬೇಸ್ ಇರುವ ಮೆಷಿನ್ ಇದ್ದರೆ ಅದನ್ನು ಮಾತ್ರ ಪದ್ಧತಿಯಂತೆ ಮುಚ್ಚುವುದು ನನ್ನ ಆಯ್ಕೆ.

ಪ್ರೋಗ್ರಾಂ ಯಾವಾಗ ಓಡಬೇಕು ಎಂಬುದನ್ನು ನೆಟ್‌ವರ್ಕ್ ಯುಪಿಎಸ್ ಟೂಲ್ಸ್ ಎಂಬ ಮುಕ್ತ ತಂತ್ರಾಂಶಕ್ಕೆ ಒಪ್ಪಿಸಬಹುದು; ಯುಪಿಎಸ್ ಬ್ಯಾಟರಿಗೆ ಹೊರಳಿದ್ದನ್ನೂ ಬ್ಯಾಟರಿ ಕುಸಿದದ್ದನ್ನೂ ಅದು ಬೇರೆ ಬೇರೆಯಾಗಿ ತಿಳಿಸುತ್ತದೆ. ಕುಸಿಯುವವರೆಗೆ ಕಾಯುವುದು ಬೇಡ. ಕರೆಂಟು ಹೋಗಿ 2 ನಿಮಿಷದಲ್ಲಿ ಬಾರದಿದ್ದರೆ ಮುಚ್ಚಲು ಆರಂಭಿಸಿದರಾಯಿತು.

ತಾವು ಕೇಳದಿದ್ದರೂ ಒಂದು ಮಾತು ಸೇರಿಸಬೇಕಾಗಿದೆ. ಕೊಡಗಿನ ಮಳೆಗಾಲದಲ್ಲಿ ಕರೆಂಟು ಬಂದು ಕಾಲು ಗಂಟೆಯೊಳಗೆ ಮತ್ತೆ ಹೋಗುವುದು ಹೊಸದೇನಲ್ಲ, ಮತ್ತು ಆಗ ಬರಿದಾದ ಬ್ಯಾಟರಿ 10 ನಿಮಿಷ ತಡೆಯುವುದಿಲ್ಲ. ಆದ್ದರಿಂದ ಲಿಬ್‌ವರ್ಟ್‌ನ ಆಟೋಸ್ಟಾರ್ಟ್ ಗುರುತನ್ನು (ಸರ್ವರ್ ಎದ್ದೊಡನೆ ಮೆಷಿನ್‌ಗಳೂ ತಾವಾಗಿ ಏಳುವಂತೆ ಮಾಡುವುದು ಇದೇ) ತೆಗೆದು, ಮೆಷಿನ್‌ಗಳನ್ನು ಎಬ್ಬಿಸುವುದಕ್ಕೂ ಒಂದು ಪ್ರೋಗ್ರಾಂ ಬರೆಯಿರಿ. ಬ್ಯಾಟರಿ ಸಾಕಷ್ಟು ತುಂಬಿದೆಯೇ ಎಂದು ಅದು ಮೊದಲು ನೋಡಲಿ. ಬಳಿಕ ಡೇಟಾಬೇಸ್ ಮೆಷಿನ್ಅನ್ನು ಮೊದಲು, ಉಳಿದವನ್ನು ಆಮೇಲೆ ಎಬ್ಬಿಸಲಿ.

ಪ್ರಶ್ನೆ: ವರ್ಚುವಲ್ ಮೆಷಿನ್‌ಗಳನ್ನು ಪರದೆಯ ಮೇಲೆ ನೋಡಿಕೊಳ್ಳುವ ವರ್ಟ್-ಮ್ಯಾನೇಜರ್ ಕಿಟಕಿಯಲ್ಲಿ ನನ್ನ ಮೂರು ಮೆಷಿನ್‌ಗಳು ಕಾಣುತ್ತವೆ, ಆದರೆ ನಾನು ಬರೆದ ಪ್ರೋಗ್ರಾಂಗೆ ಸಿಗುವುದು ಖಾಲಿ ಪಟ್ಟಿ. ಏಕೆ? (ಸೋಮವಾರಪೇಟೆಯ ವಿದ್ಯಾರ್ಥಿ)

ಉತ್ತರ: ಕಿಟಕಿಯೂ ಪ್ರೋಗ್ರಾಂ ಕೂಡ ಎರಡು ಬೇರೆ ಮನೆಗಳ ಬಾಗಿಲು ತಟ್ಟುತ್ತಿವೆ. ಲಿಬ್‌ವರ್ಟ್‌ನಲ್ಲಿ ಇಡೀ ಸರ್ವರ್‌ಗೆ ಸೇರಿದ ಸಿಸ್ಟಂ ಸಂಪರ್ಕ ಮತ್ತು ಒಬ್ಬೊಬ್ಬ ಬಳಕೆದಾರನಿಗೆ ಸೇರಿದ ಸೆಷನ್ ಸಂಪರ್ಕ ಎಂದು ಎರಡಿವೆ, ಮತ್ತು ಒಂದರಲ್ಲಿರುವ ಮೆಷಿನ್ ಇನ್ನೊಂದಕ್ಕೆ ಕಾಣುವುದಿಲ್ಲ. ವರ್ಟ್-ಮ್ಯಾನೇಜರ್ ಸಾಮಾನ್ಯವಾಗಿ ಸಿಸ್ಟಂಗೆ ಹೋಗುತ್ತದೆ. ಸಾಮಾನ್ಯ ಬಳಕೆದಾರನ ಪ್ರೋಗ್ರಾಂ ವಿಳಾಸ ಹೇಳದಿದ್ದರೆ ಸೆಷನ್‌ಗೆ ಹೋಗುತ್ತದೆ. ಓಪನ್ ಆದೇಶಕ್ಕೆ ಸಿಸ್ಟಂ ವಿಳಾಸವನ್ನು ಬಿಡಿಸಿ ಬರೆಯಿರಿ. ಪಟ್ಟಿ ನೋಡುವುದಷ್ಟೇ ಉದ್ದೇಶವಾಗಿದ್ದರೆ ಓಪನ್‌ರೀಡ್‌ಓನ್ಲಿ ಸಾಕು; ಅದರ ಮೂಲಕ ಕೈತಪ್ಪಿಯೂ ಯಾವ ಮೆಷಿನ್ಅನ್ನೂ ನಿಲ್ಲಿಸಲಾಗದು.