ಮಗುವಿಗೆ ಲಿಸೆನ್ಸೆಫಲಿ: ಮುಂದಿನ ಬಸಿರಿಗೆ ಮೊದಲು ಏನು ತಿಳಿದಿರಬೇಕು?

ಪ್ರಶ್ನೆ: ಮಗನಿಗೆ 7 ತಿಂಗಳು, ಕುತ್ತಿಗೆ ಇನ್ನೂ ನಿಂತಿಲ್ಲ. ನಿದ್ದೆಯಿಂದ ಎದ್ದಾಗ ಬೆಚ್ಚಿಬಿದ್ದ ಹಾಗೆ ಕೈ ಚಾಚಿ, ತಲೆ ಬಗ್ಗಿಸಿ, ಮೇಲಿಂದ ಮೇಲೆ ಹಾಗೇ ಮಾಡುತ್ತಾನೆ. ಎಂಆರ್‌ಐ ವರದಿಯಲ್ಲಿ ಲಿಸೆನ್ಸೆಫಲಿ (ಮಡಿಕೆಗಳಿಲ್ಲದ ನುಣುಪು ಮಿದುಳು) ಎಂದಿದೆ. ಐದನೇ ತಿಂಗಳ ಸ್ಕ್ಯಾನ್‌ನಲ್ಲಿ ಎಲ್ಲ ಸರಿಯಿದೆ ಎಂದಿದ್ದರು. ಸೋದರಮಾವನನ್ನು ಮದುವೆಯಾಗಿದ್ದಕ್ಕೇ ಹೀಗಾಯಿತು ಎಂದು ಮನೆಯಲ್ಲಿ ಅನ್ನುತ್ತಾರೆ. ಇನ್ನೊಂದು ಮಗು ಮಾಡಿಕೊಳ್ಳಬಹುದೇ?
ಒಬ್ಬ ತಾಯಿ, ಹಾವೇರಿ ಜಿಲ್ಲೆ

ಉತ್ತರ: ಮೊದಲು ತುರ್ತಿನ ವಿಷಯ. ಆ ಬೆಚ್ಚುವಿಕೆ ಇನ್‌ಫಂಟೈಲ್ ಸ್ಪಾಸಂ ಎಂಬ ಫಿಟ್ಸ್ ಇರುವ ಸಾಧ್ಯತೆ ಹೆಚ್ಚು. ಹೊಟ್ಟೆನೋವು, ದೃಷ್ಟಿಯಾಗಿದೆ ಎಂದು ದಿನ ತಳ್ಳಬೇಡಿ. ಮತ್ತೆ ಬಂದಾಗ ಮೊಬೈಲಿನಲ್ಲಿ ವಿಡಿಯೊ ಮಾಡಿ, ಒಂದೆರಡು ದಿನದಲ್ಲೇ ಮಕ್ಕಳ ನರರೋಗ ತಜ್ಞರಿಗೆ ತೋರಿಸಿ. ಮಿದುಳಿನ ವಿದ್ಯುತ್ ಅಲೆಗಳನ್ನು ನೋಡುವ ಇಇಜಿ ಪರೀಕ್ಷೆಯಲ್ಲಿ ನಿದ್ದೆ ಮತ್ತು ಎಚ್ಚರ ಎರಡೂ ದಾಖಲಾಗಬೇಕು. ಎಸಿಟಿಎಚ್ ಎಂಬ ಹಾರ್ಮೋನಿನ ಚುಚ್ಚುಮದ್ದು, ಪ್ರೆಡ್ನಿಸೊಲೋನ್, ವಿಗಾಬಾಟ್ರಿನ್ ಇದಕ್ಕಿರುವ ಮುಖ್ಯ ಔಷಧಗಳು. ಮೊದಲೆರಡನ್ನು ಕೊಡುವಾಗ ಬಿಪಿ ನೋಡುತ್ತಿರಬೇಕು. ಸೋಂಕು ಬೇಗ ತಗಲುತ್ತದೆ. ತಟ್ಟನೆ ನಿಲ್ಲಿಸುವುದು ಅಪಾಯ. ಯಾವುದೇ ಫಿಟ್ಸ್ 5 ನಿಮಿಷ ದಾಟಿದರೆ ಮೂಗಿಗೆ ಮಿಡಜೋಲಾಂ ಸ್ಪ್ರೇ ಹೊಡೆದು ಆಸ್ಪತ್ರೆಗೆ ಹೊರಡಬೇಕು. ಸಾಮಾನ್ಯ ಲೆಕ್ಕ ಕಿಲೋ ತೂಕಕ್ಕೆ 0.2 ಮಿ.ಗ್ರಾಂ. ತೂಕ ಏರಿದಂತೆ ಇದು ಬದಲಾಗುವುದರಿಂದ, ಎಷ್ಟು ಸಲ ಒತ್ತಬೇಕೆಂದು ಪ್ರತಿ ಭೇಟಿಯಲ್ಲೂ ವೈದ್ಯರಿಂದ ಬರೆಸಿಕೊಳ್ಳಿ.

ಮಲಗಿಸಿ ಹಾಲು ಕುಡಿಸಬೇಡಿ. ಕುಡಿಯುವಾಗ ಕೆಮ್ಮು, ಗಂಟಲಲ್ಲಿ ಗೊರಗೊರ ಸದ್ದು, ಒಂದು ಹೊತ್ತಿನ ಹಾಲಿಗೆ ಅರ್ಧ ಗಂಟೆ ಮೀರುವುದು, ಇವು ಹಾಲು ಶ್ವಾಸಕೋಶಕ್ಕೆ ಇಳಿಯುತ್ತಿರಬಹುದೆಂಬ ಸೂಚನೆ. ಈ ಮಕ್ಕಳ ಜೀವಕ್ಕೆ ಹೆಚ್ಚಾಗಿ ಕುತ್ತು ತರುವುದು ನ್ಯುಮೋನಿಯಾ.

ಬಸಿರಿನ ಮೂರರಿಂದ ಐದನೇ ತಿಂಗಳ ನಡುವೆ ನರಕೋಶಗಳು ಮಿದುಳಿನ ಒಳಗೆ ಹುಟ್ಟಿ ಹೊರಪದರಕ್ಕೆ ಸಾಗುತ್ತವೆ. ಆ ಸಾಗಾಟದ ಜೀನ್ ಕೆಟ್ಟರೆ ಕೋಶಗಳು ಅರ್ಧ ದಾರಿಯಲ್ಲೇ ನಿಲ್ಲುತ್ತವೆ. 2ರಿಂದ 4 ಮಿ.ಮೀ. ಇರಬೇಕಾದ ಹೊರಪದರ 10 ಮಿ.ಮೀ. ಮೀರಿ ದಪ್ಪವಾಗಬಹುದು, ಮಡಿಕೆ ಮೂಡುವುದಿಲ್ಲ. ಮಡಿಕೆ ತರಿಸುವ ಔಷಧ ಇಲ್ಲ. ನೀವು ತಿಂದದ್ದು, ದುಡಿದದ್ದು, ಗ್ರಹಣದ ದಿನ ಹೊರಗೆ ಬಂದದ್ದು ಯಾವುದೂ ಇದಕ್ಕೆ ಕಾರಣವಲ್ಲ. ಸ್ಕ್ಯಾನ್ ಮಾಡಿದವರೂ ತಪ್ಪಿರಲಿಕ್ಕಿಲ್ಲ: 20 ವಾರಕ್ಕೆ ಆರೋಗ್ಯವಂತ ಮಗುವಿನ ಮಿದುಳೂ ಬಹುಮಟ್ಟಿಗೆ ನುಣುಪಾಗಿಯೇ ಇರುತ್ತದೆ.

ಮದುವೆಯ ಮಾತಿಗೆ ಬರೋಣ. ಲಿಸೆನ್ಸೆಫಲಿ ಎನ್ನುವುದು ಚಿತ್ರದಲ್ಲಿ ಕಂಡದ್ದರ ಹೆಸರು ಮಾತ್ರ. ಕಾರಣ ಬೇರೆ ಬೇರೆ. 17ನೇ ಕ್ರೋಮೋಸೋಮಿನ ಎಲ್‌ಐಎಸ್1 ಜೀನಿನ ದೋಷ ಸಾಮಾನ್ಯವಾಗಿ ಮಗುವಿನಲ್ಲೇ ಹೊಸದಾಗಿ ಆದದ್ದು, ಅದಕ್ಕೂ ಸೋದರಮಾವನ ಮದುವೆಗೂ ಸಂಬಂಧವಿಲ್ಲ. ಎಕ್ಸ್ ಕ್ರೋಮೋಸೋಮಿನ ಡಿಸಿಎಕ್ಸ್ ದೋಷವಾದರೆ ತಾಯಿಯಲ್ಲೂ ಅದು ಲಕ್ಷಣವಿಲ್ಲದೆ ಅಥವಾ ಫಿಟ್ಸ್ ಆಗಿ ಇರಬಹುದು; ಇದ್ದರೆ ಹುಟ್ಟುವ ಪ್ರತಿ ಗಂಡುಮಗುವಿಗೂ ಶೇ 50 ಅಪಾಯ. ಆರ್‌ಇಎಲ್‌ಎನ್‌ನಂಥ ಕೆಲವು ಜೀನಿನದ್ದಾದರೆ ಮಾತ್ರ ರಕ್ತಸಂಬಂಧದ ಪಾಲಿದೆ. ಅಪ್ಪ, ಅಮ್ಮ ಇಬ್ಬರಿಂದಲೂ ಆ ಜೀನಿನ ದೋಷವಿರುವ ಒಂದೊಂದು ನಕಲು ಬಂದಿರುತ್ತದೆ, ಪ್ರತಿ ಬಸಿರಿಗೂ ಶೇ 25 ಅಪಾಯ. ಎಂಆರ್‌ಐನಲ್ಲಿ ಕಿರುಮಿದುಳೂ ತೀರಾ ಚಿಕ್ಕದಾಗಿ ಕಾಣುವುದು ಆರ್‌ಇಎಲ್‌ಎನ್ ದೋಷದ ಸುಳಿವು. ಇದು ತಿಳಿಯುವ ಮೊದಲೇ ನಿಮ್ಮನ್ನು ದೂರುವುದು ಅನ್ಯಾಯ.

ಮೊದಲು ಮಗುವಿಗೆ ಕ್ರೋಮೋಸೋಮಲ್ ಮೈಕ್ರೋಅರೇ ಎಂಬ ರಕ್ತಪರೀಕ್ಷೆ ಮಾಡಿಸಿ, ಕ್ರೋಮೋಸೋಮಿನ ತುಂಡು ಕಳಚಿಹೋಗಿದ್ದರೆ ಅದರಲ್ಲಿ ಸಿಗುತ್ತದೆ. ಸಿಗದಿದ್ದರೆ ಜೀನುಗಳ ಅಕ್ಷರಗಳನ್ನೇ ಓದುವ ಎಕ್ಸೋಮ್ ಪರೀಕ್ಷೆ. ಅದಕ್ಕೂ ತಪ್ಪಿಹೋಗುವ ಸಣ್ಣ ಕಳಚುವಿಕೆಗೆ ಎಂಎಲ್‌ಪಿಎ ಎಂಬ ಇನ್ನೊಂದು ಡಿಎನ್‌ಎ ಪರೀಕ್ಷೆ. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನಲ್ಲಿ ಆಪ್ತಸಲಹೆ ಪಡೆಯಬಹುದು. ಮಗುವಿನ ಡಿಎನ್‌ಎ ಕಾದಿರಿಸಲು ಕೇಳಿ, ಮುಂದೆ ಅದು ಬೇಕಾಗಬಹುದು. ದೋಷ ಸಿಕ್ಕ ಮೇಲೆ ನಿಮ್ಮಿಬ್ಬರ ರಕ್ತವನ್ನೂ ಪರೀಕ್ಷಿಸಬೇಕು. ಇಬ್ಬರಲ್ಲೂ ಇಲ್ಲವೆಂದರೂ ಅಪಾಯ ಸೊನ್ನೆಯಲ್ಲ. ಅಂಡ, ವೀರ್ಯದ ಕೆಲವು ಕೋಶಗಳಲ್ಲಿ ದೋಷ ಅಡಗಿರಬಹುದಾದ್ದರಿಂದ ಸುಮಾರು ಶೇ 1 ಎಂದು ಹೇಳುತ್ತಾರೆ.

ಇನ್ನೊಂದು ಮಗು ಖಂಡಿತ ಮಾಡಿಕೊಳ್ಳಬಹುದು, ಆದರೆ ಜೀನಿನ ವರದಿ ಕೈಗೆ ಬಂದ ಮೇಲೆ. ಬಸಿರಾದ ಕೂಡಲೇ ವರದಿ ಹಿಡಿದು ಹೋದರೆ 11ರಿಂದ 13 ವಾರದಲ್ಲಿ ಮಾಸುಚೀಲದ ತುಣುಕು, ಅಥವಾ 16 ವಾರ ಕಳೆದ ಮೇಲೆ ಗರ್ಭದ ನೀರು ತೆಗೆದು ಅದೇ ದೋಷವನ್ನು ಹುಡುಕಬಹುದು. ಜೀನ್ ಗೊತ್ತಿಲ್ಲದಿದ್ದರೆ ಉಳಿಯುವುದು ಕೊನೆಯ ತಿಂಗಳುಗಳ ಸ್ಕ್ಯಾನ್ ಮತ್ತು ಗರ್ಭದ ಎಂಆರ್‌ಐ. ಅಷ್ಟರಲ್ಲಿ 24 ವಾರ ದಾಟಿರುತ್ತದೆ. ಬಸಿರು ಮುಂದುವರಿಸುವುದು ಬೇಡವೆನಿಸಿದರೆ ಗರ್ಭಪಾತ ಕಾನೂನಿನ 2021ರ ತಿದ್ದುಪಡಿಯಂತೆ ವೈದ್ಯಕೀಯ ಮಂಡಳಿಯ ಒಪ್ಪಿಗೆ ಬೇಕಾಗುತ್ತದೆ.