ಪಂಚಾಯ್ತಿ ಪ್ರಶ್ನೆ: ಮೆಂಬರ್ ಆದಮೇಲೆ ಮಾಡಬೇಕಾದ್ದೇನು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಗ್ರಾಮ ಪಂಚಾಯಿತಿ ಸದಸ್ಯರ ಕೆಲಸದ ಬಗ್ಗೆಯೇ ಇವೆ. ಒಂದೇ ಥರದವನ್ನು ಒಟ್ಟು ಸೇರಿಸಿ ಉತ್ತರಿಸಿದ್ದೇವೆ.

ನಮ್ಮ ವಾರ್ಡು ಮಹಿಳಾ ಮೀಸಲಾದರೆ ನಿಲ್ಲಿ ಅಂತ ಊರವರು ಹೇಳುತ್ತಿದ್ದಾರೆ. ಗೆದ್ದರೆ ದಿನಾ ಏನು ಕೆಲಸ ಇರುತ್ತದೆ? ಸಭೆಗೆ ಯಜಮಾನರು ಹೋಗುತ್ತಾರೆ, ನೀನು ರುಜು ಹಾಕಿದರೆ ಸಾಕು ಅನ್ನುತ್ತಾರೆ. ಹೌದೇ?
– ಮಧುಗಿರಿ ತಾಲ್ಲೂಕಿನ ಓದುಗರು

ಅಲ್ಲ. ಸಭೆಯಲ್ಲಿ ಕೂತು ಮಾತಾಡುವ, ಮತ ಹಾಕುವ ಹಕ್ಕು ಗೆದ್ದವರಿಗೆ ಮಾತ್ರ. ಮನೆಗೆ ತಂದ ಪುಸ್ತಕಕ್ಕೆ ರುಜು ಹಾಕಿದರೆ, ಆಮೇಲೆ ಆ ರುಜುವಿನ ಮೇಲಿನ ಖಾಲಿ ಜಾಗದಲ್ಲಿ ಏನು ಬರೆದುಕೊಂಡರೂ ಅದಕ್ಕೆ ನಿಮ್ಮ ಒಪ್ಪಿಗೆ ಇದ್ದ ಹಾಗೆ. ಲೆಕ್ಕ ತಪಾಸಣೆಗೆ ಬಂದವರು ಯಜಮಾನರನ್ನು ಕೇಳುವುದಿಲ್ಲ, ನಿಮ್ಮನ್ನು ಕೇಳುತ್ತಾರೆ.

ದಿನದ ಕೆಲಸ ನೀರಿನಿಂದ ಶುರುವಾಗುತ್ತದೆ. ಬೆಳಿಗ್ಗೆ ಆರಕ್ಕೇ ‘ನಲ್ಲೀಲಿ ನೀರಿಲ್ಲ’ ಅಂತ ಫೋನು, ಸಂಜೆಯಾದರೆ ಬೀದಿದೀಪ, ನಡುವೆ ಚರಂಡಿ, ಪಿಂಚಣಿ, ಇ-ಸ್ವತ್ತು (ಮನೆ, ನಿವೇಶನದ ಕಂಪ್ಯೂಟರ್ ಖಾತೆ). ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯರು ಎಂಬುದು ನಿಯಮ. ಅಂದರೆ ನಿಮ್ಮ ಪಾಲಿಗೆ ಬರುವುದು ನೂರರ ಆಸುಪಾಸಿನ ಮನೆಗಳು. ಗೆದ್ದ ತಿಂಗಳಲ್ಲೇ ಒಂದು ನೋಟ್‌ಬುಕ್ಕಿನಲ್ಲಿ ಯಾವ ಬೋರು ಯಾವ ಬೀದಿಗೆ ನೀರು ಕೊಡುತ್ತದೆ, ವಾಲ್ವು ಎಲ್ಲಿದೆ, ದೀಪದ ಕಂಬಗಳ ನಂಬರೇನು, ಪಿಂಚಣಿ ಬರುವವರು ಯಾರು ಎಂದು ಬರೆದಿಟ್ಟುಕೊಳ್ಳಿ. ವಾಟರ್‌ಮನ್ ರಜೆ ಹಾಕಿದ ದಿನ ಊರಲ್ಲಿ ಅದಕ್ಕಿಂತ ಬೆಲೆಬಾಳುವ ಪುಸ್ತಕ ಇರುವುದಿಲ್ಲ.

ಒಂದು ಮಾತು ಮೊದಲೇ ತಿಳಿದಿರಲಿ. ಸದಸ್ಯರ ಕೈಯಲ್ಲಿ ಹಣ ಇರುವುದಿಲ್ಲ. ಅನುದಾನದ ಬಿಲ್ಲು ಪಾವತಿಯಾಗುವುದು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಮತ್ತು ಅಧ್ಯಕ್ಷರ ಡಿಜಿಟಲ್ ಸಹಿಯಿಂದ. ನಿಮ್ಮ ಬಲವೆಲ್ಲ ಇರುವುದು ಸಭೆಯ ತೀರ್ಮಾನ ಬರೆದಿಡುವ ನಡಾವಳಿಯಲ್ಲಿ ಮತ್ತು ವರ್ಷದ ಕಾಮಗಾರಿಗಳ ಪಟ್ಟಿಯಾದ ಕ್ರಿಯಾಯೋಜನೆಯಲ್ಲಿ.

ನಾನು ಸದಸ್ಯನಾಗಿದ್ದಾಗ ಪೈಪ್‌ಲೈನ್ ವಿಚಾರವನ್ನು ಮೂರು ಸಭೆಯಲ್ಲಿ ಎತ್ತಿದೆ. ಎಲ್ಲರೂ ಆಯ್ತು ಅಂದರು, ಆದರೆ ಕೆಲಸ ಆಗಲೇ ಇಲ್ಲ. ಎಲ್ಲಿ ತಪ್ಪಿತು?
– ಹಾವೇರಿ ಜಿಲ್ಲೆಯ ಓದುಗರು

ಬಹುಶಃ ‘ಇತರೆ ವಿಷಯ’ದಲ್ಲಿ ಎತ್ತಿದ್ದೀರಿ. ಮಧ್ಯಾಹ್ನ ಊಟದ ಹೊತ್ತಿಗೆ ಬರುವ ಆ ಭಾಗ ನಡಾವಳಿಯಲ್ಲಿ ‘ಚರ್ಚಿಸಲಾಯಿತು’ ಎಂಬ ಒಂದು ಸಾಲಾಗಿ ಮುಗಿಯುತ್ತದೆ. ಚರ್ಚಿಸಲಾಯಿತು ಅಂದರೆ ಏನೂ ಆಗಲಿಲ್ಲ ಅಂತಲೇ ಅರ್ಥ.

ಸಾಮಾನ್ಯ ಸಭೆಗೆ ಪೂರ್ತಿ ಏಳು ದಿನ ಮುಂಚೆ ನೋಟಿಸು ಕೊಡಬೇಕು. ಆ ನೋಟಿಸು ಹೊರಡುವ ಮೊದಲೇ ನಿಮ್ಮ ವಿಷಯವನ್ನು ಪಿಡಿಒಗೆ ಬರಹದಲ್ಲಿ ಕೊಟ್ಟು, ನಕಲಿನ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಬರೆಯುವಾಗ ‘ನೀರಿನ ಸಮಸ್ಯೆ’ ಅಂತ ಬರೆಯಬೇಡಿ. ಎಲ್ಲಿಂದ ಎಲ್ಲಿಗೆ, ಎಷ್ಟು ಮೀಟರು, ಎಷ್ಟು ಇಂಚಿನ ಪೈಪು, ಎಷ್ಟು ಮನೆಗೆ ಅನುಕೂಲ ಎಂಬುದಿರಲಿ. ನಿರ್ಣಯದಲ್ಲಿ ಮೂರು ಸಂಗತಿ ಇರಲೇಬೇಕು: ಯಾವ ಅನುದಾನದಿಂದ, ಅಂದಾಜುಪಟ್ಟಿ ಯಾರು ಮಾಡಬೇಕು, ಯಾವ ದಿನದೊಳಗೆ.

ಇನ್ನೊಂದು ಕಾರಣ ಕ್ರಿಯಾಯೋಜನೆ. ವರ್ಷದ ಕ್ರಿಯಾಯೋಜನೆಯಲ್ಲಿ ಹೆಸರಿಲ್ಲದ ಕಾಮಗಾರಿಗೆ ಹಣ ಬಿಡುವುದಿಲ್ಲ. ಮುಂದಿನ ವರ್ಷದ ಯೋಜನೆಗೆ ಅಕ್ಟೋಬರ್ 2ರಿಂದಲೇ ಗ್ರಾಮಸಭೆಗಳು ಶುರುವಾಗುತ್ತವೆ. ಅದಕ್ಕೂ ಮೊದಲು ವಾರ್ಡ್‌ಸಭೆ ಆಗಬೇಕು. ಅದರ ಕೋರಂ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ, ವಾರ್ಡಿನ ಮತದಾರರ ಹತ್ತನೇ ಒಂದು ಭಾಗ ಅಥವಾ 20 ಜನ, ಯಾವುದು ಕಡಿಮೆಯೋ ಅದು. ಇಪ್ಪತ್ತು ಜನರನ್ನು ಸೇರಿಸಲಾಗದೆ ಹಾಜರಿ ಪುಸ್ತಕವನ್ನು ಮನೆಮನೆಗೆ ಒಯ್ದು ರುಜು ಹಾಕಿಸುವ ವಾರ್ಡುಗಳೇ ಆಮೇಲೆ ‘ನಮ್ಮ ಬೀದಿ ಪಟ್ಟಿಯಲ್ಲೇ ಇಲ್ಲ’ ಅನ್ನುವುದು.

ಅನುದಾನದ ಗುಣವನ್ನೂ ನೋಡಿ. 15ನೇ ಹಣಕಾಸು ಆಯೋಗ 2021ರಿಂದ 2026ರವರೆಗೆ ಕೊಟ್ಟ ಹಣದಲ್ಲಿ ಶೇ. 60 ಭಾಗ ನಿರ್ಬಂಧಿತವಾಗಿತ್ತು. ಕುಡಿಯುವ ನೀರು, ನೈರ್ಮಲ್ಯಕ್ಕೆ ಮಾತ್ರ ಬಳಸಬೇಕಿತ್ತು. ಪೈಪ್‌ಲೈನನ್ನು ಆ ಭಾಗದಲ್ಲಿ ಕೇಳದೆ, ರಸ್ತೆಗಾಗಿ ಎಲ್ಲರೂ ಕಿತ್ತಾಡುವ ಉಳಿದ ಭಾಗದಲ್ಲಿ ಕೇಳಿದರೆ ಸರದಿ ಬರುವುದು ಕಷ್ಟ.

ನಮ್ಮ ಬೀದಿಗೆ ಸಿಸಿ ರಸ್ತೆ, ಚರಂಡಿ ಮಂಜೂರಾಗಿದೆ. ಕಳಪೆ ಆಗದಂತೆ ಸದಸ್ಯರು ಏನು ನೋಡಬೇಕು? ನಾವು ಇಂಜಿನಿಯರುಗಳಲ್ಲವಲ್ಲ.
– ಅರಸೀಕೆರೆಯ ಓದುಗರು

ಟೇಪು, ಕ್ಯಾಲ್ಕುಲೇಟರು, ಅಂದಾಜುಪಟ್ಟಿಯ ನಕಲು ಇದ್ದರೆ ಅರ್ಧ ಇಂಜಿನಿಯರ್ ಆದಂತೆ. ನಕಲನ್ನು ಕೆಲಸ ಶುರುವಾಗುವ ಮೊದಲೇ ಪಡೆಯಿರಿ, ಬಿಲ್ಲಾದ ಮೇಲಲ್ಲ.

ಮೊದಲ ಪ್ರಶ್ನೆ ಕಾಂಕ್ರೀಟಿನದಲ್ಲ, ನೆಲದಡಿಯದ್ದು. ನೀರಿನ ಪೈಪು ಹಾಕುವುದಿದ್ದರೆ ರಸ್ತೆಗಿಂತ ಮುಂಚೆ ಆಗಬೇಕು. ಹೊಸ ರಸ್ತೆಯನ್ನು ಆರು ತಿಂಗಳಿಗೆ ನಲ್ಲಿಗಾಗಿ ಅಗೆದು ಮಣ್ಣು ಮುಚ್ಚಿ ಹೋದ ಬೀದಿಗಳು ಯಾವ ತಾಲ್ಲೂಕಿನಲ್ಲಿ ಇಲ್ಲ, ಹೇಳಿ. ಎರಡನೆಯದು ಎತ್ತರ. ಹಳೆ ರಸ್ತೆಯ ಮೇಲೇ ಹೊಸದನ್ನು ಸುರಿದರೆ ಮಳೆನೀರು ಹೊಸ್ತಿಲು ದಾಟುತ್ತದೆ; ಹಳೆಯದನ್ನು ಕೆರೆದು ತೆಗೆಯುವ ಬಾಬ್ತು ಅಂದಾಜಿನಲ್ಲಿ ಇದೆಯೇ ನೋಡಿ.

ಚರಂಡಿಗೆ ‘ಇದು ಎಲ್ಲಿ ಮುಗಿಯುತ್ತದೆ?’ ಎಂದು ಕೇಳಿ. ಹಳ್ಳಕ್ಕೋ ಇಂಗುಗುಂಡಿಗೋ ಸೇರಬೇಕು. ಯಾರದೋ ಹಿತ್ತಿಲ ಬೇಲಿಗೆ ಬಂದು ನಿಂತರೆ ಮೊದಲ ಮಳೆಗೇ ಜಗಳ. ಇಳಿಜಾರು ಇನ್ನೂರಕ್ಕೆ ಒಂದಾದರೂ ಬೇಕು. ನೂರು ಮೀಟರಿಗೆ 50 ಸೆಂ.ಮೀ. ಗಾರೆಯವರ ಹತ್ತಿರ ಇರುವ ಟ್ಯೂಬ್ ಲೆವೆಲ್ಲಿನಿಂದ ಹತ್ತು ನಿಮಿಷದಲ್ಲಿ ಅಳೆಯಬಹುದು. ಬಚ್ಚಲ ನೀರು ಹೊರಬರುವ ಪೈಪಿಗಿಂತ ಚರಂಡಿಯ ತಳ ಕೆಳಗಿರಬೇಕು. ಇದನ್ನು ಮರೆತಿದ್ದಕ್ಕೇ ಎಷ್ಟೋ ಕಡೆ ಚರಂಡಿ ಒಣಗಿ, ರಸ್ತೆ ಒದ್ದೆಯಾಗಿರುವುದು.

ಈಗ ಲೆಕ್ಕ. 100 ಮೀಟರ್ ಉದ್ದ, 3 ಮೀಟರ್ ಅಗಲ, 15 ಸೆಂ.ಮೀ. ದಪ್ಪದ ರಸ್ತೆಗೆ 45 ಘನಮೀಟರ್ ಕಾಂಕ್ರೀಟು. ಎಂ20 ದರ್ಜೆ ಅಂದರೆ ಸಿಮೆಂಟು, ಮರಳು, ಜಲ್ಲಿಯ 1:1.5:3 ಮಿಶ್ರಣದಲ್ಲಿ ಘನಮೀಟರಿಗೆ ಸುಮಾರು 8 ಚೀಲ ಸಿಮೆಂಟು. ಒಟ್ಟು 360 ಚೀಲ. ಸ್ಥಳದಲ್ಲೇ ಕಲಸಿದ ಕೆಲಸದಲ್ಲಿ ಖಾಲಿ ಚೀಲ ಎಣಿಸಿ. ಇನ್ನೂರೈವತ್ತೇ ಸಿಕ್ಕರೆ ಒಂದೋ ದಪ್ಪ ಕಡಿಮೆ, ಇಲ್ಲವೇ ಸಿಮೆಂಟು ಕಡಿಮೆ. ದಪ್ಪ ಅಳೆಯುವಾಗ ಅಂಚಿನಲ್ಲಿ ಮಾತ್ರ ಅಳೆಯಬೇಡಿ, ಅಲ್ಲಿ ಹಲಗೆ ಕೂರಿಸಿ ಸರಿಯಾಗಿಯೇ ತೋರಿಸಿರುತ್ತಾರೆ. ಹಾಕುವ ಹೊತ್ತಿನಲ್ಲೇ ಹಸಿ ಕಾಂಕ್ರೀಟಿನ ನಡುಮಧ್ಯ ಸರಳು ಚುಚ್ಚಿ ನೋಡಿ.

ಕಲಸುವಾಗ ನೀರು ಜಾಸ್ತಿ ಸುರಿದರೆ ಹರಡಲು ಸಲೀಸು, ಆದರೆ ಮೇಲೆ ಸಿಮೆಂಟಿನ ಹಾಲು ತೇಲಿ ಒಂದೇ ವರ್ಷದಲ್ಲಿ ಧೂಳೇಳುತ್ತದೆ. ನಾಲ್ಕು, ನಾಲ್ಕೂವರೆ ಮೀಟರಿಗೊಂದು ಅಡ್ಡ ಜಾಯಿಂಟು ಕತ್ತರಿಸದಿದ್ದರೆ ರಸ್ತೆ ತನಗೆ ಬೇಕಾದಲ್ಲಿ ತಾನೇ ಬಿರುಕು ಬಿಡುತ್ತದೆ. ಮಣ್ಣಿನ ಕಟ್ಟೆ ಕಟ್ಟಿ ಕನಿಷ್ಠ 14 ದಿನ ನೀರು ನಿಲ್ಲಿಸಬೇಕು. ಕಾಮಗಾರಿ ಕೆಡುವುದು ಹೆಚ್ಚಾಗಿ ಇಲ್ಲೇ, ಏಕೆಂದರೆ ಕಾಂಕ್ರೀಟು ಸುರಿದವರು ಮರುದಿನವೇ ಬೇರೆ ಊರಲ್ಲಿರುತ್ತಾರೆ. ನೀರು ಹಾಕುವ ಕೂಲಿಯನ್ನು ಯಾರು ಕೊಡುತ್ತಾರೆಂದು ಮೊದಲೇ ಹೇಳಿಸಿ. 28 ದಿನ ಟ್ರ್ಯಾಕ್ಟರು ಹತ್ತದಂತೆ ಎರಡೂ ಕಡೆ ಕಲ್ಲಿಡಿ; ಊರವರು ಬೈಯುತ್ತಾರೆ, ಬೈಯಲಿ.

ಕೊರತೆ ಕಂಡರೆ ಗುತ್ತಿಗೆದಾರರ ಜೊತೆ ಬೀದಿಯಲ್ಲಿ ಜಗಳ ಬೇಡ. ಎಂ.ಬಿ. (ಬಿಲ್ಲಿಗೆ ಆಧಾರವಾಗುವ ಅಳತೆ ಪುಸ್ತಕ) ಬರೆಯುವ ಮೊದಲೇ ಇಂಜಿನಿಯರಿಗೂ ಪಿಡಿಒಗೂ ಅಳತೆ, ಫೋಟೊ, ದಿನಾಂಕ ಸಹಿತ ಪತ್ರ ಕೊಡಿ. ಎಂ.ಬಿ. ಆದಮೇಲೆ ಮಾತಿಗೆ ಬೆಲೆ ಕಡಿಮೆ. ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ನಡೆಯುವ ಜಮಾಬಂದಿಯಲ್ಲಿ (ಪಂಚಾಯಿತಿಯ ಲೆಕ್ಕ, ಕಾಮಗಾರಿಗಳನ್ನು ಊರವರ ಮುಂದೆ ಪರಿಶೀಲಿಸುವ ಸಭೆ) ಕಡತ ತೆಗೆಸಿ ಸ್ಥಳದಲ್ಲೇ ಅಳೆಸಬಹುದು, ಆದರೆ ಅದು ಆದಮೇಲಿನ ಮಾತು.

ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿದರೂ ಮಳೆಗಾಲದಲ್ಲಿ ವಾಂತಿಭೇದಿ ನಿಲ್ಲುತ್ತಿಲ್ಲ. ಎಷ್ಟು ಹಾಕಬೇಕು?
– ಸಿಂದಗಿಯ ಓದುಗರು

ಸಾವಿರ ಲೀಟರಿಗೆ ಸುಮಾರು 4 ಗ್ರಾಂ. 50,000 ಲೀಟರಿನ ಟ್ಯಾಂಕಿಗೆ 200 ಗ್ರಾಂ. ನೇರ ಸುರಿಯಬಾರದು. ಬಕೆಟ್ಟಿನಲ್ಲಿ ಗಂಜಿಯ ಹಾಗೆ ಕಲಸಿ, ನೀರು ತುಂಬಿಸಿ, ಸುಣ್ಣ ತಳ ಕಂಡಮೇಲೆ ಮೇಲಿನ ತಿಳಿಯನ್ನು ಮಾತ್ರ ಟ್ಯಾಂಕಿಗೆ ಹಾಕಿ ಅರ್ಧ ಗಂಟೆ ಬಿಟ್ಟು ನೀರು ಬಿಡಬೇಕು. ಬಾಯಿ ಬಿಚ್ಚಿಟ್ಟ ಹಳೇ ಚೀಲದಲ್ಲಿ ಕ್ಲೋರಿನ್ ಹಾರಿಹೋಗಿ ಸುಣ್ಣವಷ್ಟೇ ಉಳಿದಿರುತ್ತದೆ. ಮೂಗಿಗೆ ಘಾಟು ಹೊಡೆಯದಿದ್ದರೆ ಆ ಚೀಲ ಬೇಡ. ಕೊನೇ ಮನೆಯ ನಲ್ಲಿಯಲ್ಲಿ ಲೀಟರಿಗೆ 0.2 ಮಿ.ಗ್ರಾಂ ಕ್ಲೋರಿನ್ ಉಳಿದಿರಬೇಕು. ಪರೀಕ್ಷೆ ಕಿಟ್ಟಿನ ದ್ರಾವಣ ಹಾಕಿದಾಗ ನೀರು ಹಳದಿಗೆ ತಿರುಗಬೇಕು. ಟ್ಯಾಂಕಿನ ಹತ್ತಿರ ಹಳದಿ ಬಂದು, ಕೊನೇ ನಲ್ಲಿಯಲ್ಲಿ ಬಣ್ಣವೇ ಬಾರದಿದ್ದರೆ ನಡುವೆ ಎಲ್ಲೋ ಪೈಪು ಒಡೆದು ಚರಂಡಿ ನೀರು ಸೇರುತ್ತಿರಬಹುದು. ಪುಡಿ ಹೆಚ್ಚಿಸುವ ಮೊದಲು ಆ ಸೋರಿಕೆ ಹುಡುಕಿಸಿ.

ಅಜ್ಜಿಯ ಸಂಧ್ಯಾ ಸುರಕ್ಷಾ ಪಿಂಚಣಿ ಹಣ ನಿಂತಿದೆ. ಮೆಂಬರು ‘ನಂದಲ್ಲ’ ಅನ್ನುತ್ತಾರೆ.
– ಚಿಂತಾಮಣಿಯ ಓದುಗರು

ಅವರು ಹೇಳಿದ್ದು ನಿಜ, ಆದರೆ ಅಲ್ಲಿಗೇ ನಿಲ್ಲಿಸಬಾರದಿತ್ತು. ಅದು ಕಂದಾಯ ಇಲಾಖೆಯದು. ನಾಡಕಚೇರಿಗೆ, ಗ್ರಾಮ ಆಡಳಿತಾಧಿಕಾರಿಯ ಬಳಿಗೆ ಹೋಗಬೇಕು. ಮೊದಲು ಬ್ಯಾಂಕಿನಲ್ಲಿ ‘ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯಾ?’ ಎಂದು ಕೇಳಿ. ಆಧಾರ್ ಮೂಲಕ ಬರುವ ಸರ್ಕಾರಿ ಹಣ ಯಾವ ಖಾತೆಗೆ ಹೋಗಬೇಕು ಎಂಬ ಗುರುತು ಅದು. ಖಾತೆಗೆ ಆಧಾರ್ ಜೋಡಿಸಿದ್ದರೂ ಈ ಮ್ಯಾಪಿಂಗ್ ಬೇರೆ ಖಾತೆಗೆ ಆಗಿದ್ದರೆ ಹಣ ಅಲ್ಲಿಗೆ ಹೋಗಿರುತ್ತದೆ. ಅದು ಸರಿಯಿದ್ದರೆ, ಪರಿಶೀಲನೆಯ ದಿನ ಮನೆಯಲ್ಲಿ ಇಲ್ಲದ್ದಕ್ಕೆ ತಡೆಹಿಡಿದಿದ್ದಾರೆಯೇ ಎಂದು ನಾಡಕಚೇರಿಯಲ್ಲಿ ವಿಚಾರಿಸಿ. ಅಜ್ಜಿಯನ್ನೇ ಕರೆದೊಯ್ದರೆ ಕೆಲಸ ಬೇಗ.

ನಾನು ಸದಸ್ಯನಾದರೆ ತಮ್ಮನ ಲೈಸೆನ್ಸಿನಲ್ಲಿ ಪಂಚಾಯ್ತಿ ಕೆಲಸ ಮಾಡಿಸಬಹುದೇ?
– ಹೆಸರು, ಊರು ಬೇಡ ಎಂದವರು

ಪಂಚಾಯಿತಿ ಕೆಲಸದಲ್ಲಿ ನೇರವಾಗಿಯೋ ಪರೋಕ್ಷವಾಗಿಯೋ ಪಾಲಿದ್ದರೆ ಸದಸ್ಯತ್ವಕ್ಕೇ ಕುತ್ತು. ಲೈಸೆನ್ಸ್ ತಮ್ಮನದು, ಬಂಡವಾಳ ನಿಮ್ಮದು ಎಂಬುದು ಪರೋಕ್ಷವೇ. ಊರು ಬೇಡ ಎಂದು ಬರೆದಾಗಲೇ ನಿಮಗೂ ಉತ್ತರ ಗೊತ್ತಿತ್ತು ಅನ್ನಿಸುತ್ತದೆ.