1939ರ ಸೆಪ್ಟೆಂಬರ್ 6ರ ಎರಡು ಹರಿಕೇನ್‌: ಪಟ್ಟಿಗಳು ಯಾಕೆ ಹೊಂದುತ್ತಿಲ್ಲ

ನೀವು ಹೋಲಿಸುತ್ತಿರುವ, ಬ್ರಿಟಿಷ್ ವಾಯುಪಡೆ ಕಳೆದುಕೊಂಡ ವಿಮಾನಗಳ ಎರಡು ಪಟ್ಟಿಗಳ ಪೈಕಿ ಒಂದರಲ್ಲಿ ಈ ಎರಡು ಹರಿಕೇನ್‌ಗಳು (ಬ್ರಿಟಿಷ್ ಯುದ್ಧವಿಮಾನಗಳು) 'ಯುದ್ಧದ ನಷ್ಟ', ಇನ್ನೊಂದರಲ್ಲಿ 'ಅಪಘಾತ' ಅಂತ ಇರುವುದಕ್ಕೆ ಕಾರಣ ಬಹುಶಃ ಇದು: ಅವನ್ನು ಉರುಳಿಸಿದ್ದು ಬ್ರಿಟನ್ನಿನದೇ ಇನ್ನೊಂದು ಬಗೆಯ ಯುದ್ಧವಿಮಾನಗಳಾದ ಸ್ಪಿಟ್‌ಫೈರ್‌ಗಳು. ಯುದ್ಧ ಘೋಷಣೆಯಾಗಿ ಮೂರೇ ದಿನ. 56ನೇ ಸ್ಕ್ವಾಡ್ರನ್ನಿನ (ವಾಯುಪಡೆಯ ತುಕಡಿ) ಹರಿಕೇನ್ ವಿಮಾನಗಳನ್ನು 74ನೇ ಸ್ಕ್ವಾಡ್ರನ್ನಿನವರು ಶತ್ರುಗಳೆಂದುಕೊಂಡರು. ಪೈಲಟ್ ಮಾಂಟೆಗ್ಯೂ ಹಲ್ಟನ್-ಹ್ಯಾರಪ್ ತೀರಿಕೊಂಡರು, ಇನ್ನೊಂದು ವಿಮಾನದ ಪೈಲಟ್ ಫ್ರಾಂಕ್ ರೋಸ್ ಬದುಕಿದರು. ಮೂಲ ತಪ್ಪು ರೇಡಾರಿನದಾ, ನಿಯಂತ್ರಣ ಕೊಠಡಿಯದಾ ಅನ್ನುವುದರಲ್ಲಿ ಇವತ್ತಿಗೂ ಒಮ್ಮತವಿಲ್ಲ. ಹಾಗಾಗಿ ಕಾರಣದ ಕಾಲಂನಲ್ಲಿ ಯಾರ ಮೇಲೂ ತಪ್ಪು ಹೊರಿಸಬೇಡಿ.

ಮೊದಲು 'ತಮ್ಮವರದೇ ಗುಂಡು' ಅಂತ ಮೂರನೇ ವರ್ಗ ಮಾಡಿ. ಎರಡರೊಳಗೇ ತುರುಕಲು ಹೋದರೆ ಲೆಕ್ಕ ಯಾವತ್ತೂ ಕೂಡುವುದಿಲ್ಲ. ಆಮೇಲೆ ಎರಡೂ ಪಟ್ಟಿಗಳನ್ನು ಪೈಲಟ್ ಹೆಸರಿನಿಂದಲ್ಲ, ವಿಮಾನದ ಸರಣಿ ಸಂಖ್ಯೆಯಿಂದ ಹೋಲಿಸಿ. ಹಲ್ಟನ್-ಹ್ಯಾರಪ್ ಅವರದ್ದು ಎಲ್ 1985. 'ಎಲ್' ಬಿಟ್ಟು ಬರೆದರೆ ಇಸವಿ ತರ ಕಾಣುತ್ತದೆ, ಜೋಪಾನ.

ನಂತರ ಲಂಡನ್ನಿನ ಕ್ಯೂ ಎಂಬ ಪ್ರದೇಶದಲ್ಲಿರುವ ರಾಷ್ಟ್ರೀಯ ದಾಖಲೆ ಸಂಗ್ರಹಾಲಯದ 'ಏರ್ 27' ಸರಣಿಯಲ್ಲಿ ಸ್ಕ್ವಾಡ್ರನ್ ದಿನಚರಿ ಹುಡುಕಿ. 56 ಮತ್ತು 74, ಎರಡರದ್ದೂ ನೋಡಿ. ಒಂದನ್ನೇ ನೋಡಿದರೆ ಅರ್ಧ ಕಥೆ ಅಷ್ಟೇ, ಅಲ್ವಾ? ಸತ್ತವರ ಹೆಸರು, ದಿನಾಂಕವನ್ನು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪುಟದಲ್ಲಿ ತಾಳೆ ಹಾಕಬಹುದು.

ಸೆಪ್ಟೆಂಬರ್ 4ರ ಸಾಲುಗಳನ್ನೂ ಹೀಗೇ ಬಿಡಿಬಿಡಿಯಾಗಿ ತುಂಬಿ. ಅವತ್ತು ಜರ್ಮನ್ ನೌಕೆಗಳ ಮೇಲಿನ ದಾಳಿಯಲ್ಲಿ 5 ಬ್ಲೆನ್‌ಹೈಮ್, 2 ವೆಲಿಂಗ್ಟನ್ ಬಾಂಬರ್ ವಿಮಾನಗಳು ಹೋದವು. ಒಂದು ಬ್ಲೆನ್‌ಹೈಮ್ ನೇರವಾಗಿ ಜರ್ಮನಿಯ ಎಂಡೆನ್ ಯುದ್ಧನೌಕೆಗೇ ಬಡಿಯಿತು. ಏಳನ್ನೂ ಒಂದೇ ಸಾಲಿನಲ್ಲಿ ಸೇರಿಸಿದರೆ ಅದು ಕಾಣಿಸುವುದೇ ಇಲ್ಲ.